ಅಮೆರಿಕದ ಚುನಾವಣೆಗಳೂ ಕಂಪೆನಿಗಳ ದ್ರವ್ಯವೂ

ಅಮೆರಿಕದ ಸಂಯುಕ್ತ ಸಂಸ್ಥಾನಗಳ ರಾಜ್ಯಾಂಗದಲ್ಲಿ ಕಂಪೆನಿ ಎಂಬ ಮಾತು ಎಲ್ಲಿಯೂ ಬಂದಿಲ್ಲ. ಆದರೂ ಆ ದೇಶದ ಚುನಾವಣೆಗಳಲ್ಲಿ ಕಂಪೆನಿಗಳ ದ್ರವ್ಯಕ್ಕೆ ಎಷ್ಟರಮಟ್ಟಿಗೆ ಎಡೆಯುಂಟೆಂಬ ವಿವಾದವು ಒಂದು ಶತಮಾನಕ್ಕೂ ಮಿಗಿಲಾಗಿ ನಡೆದುಬಂದಿದೆ. ‘ವ್ಯಕ್ತಿ’, ‘ವಾಕ್ಕು’, ‘ಭ್ರಷ್ಟತೆ’ ಎಂಬ ಮೂರು ಮಾತುಗಳಿಗೆ ನ್ಯಾಯಾಧೀಶರು ಕಾಲಕಾಲಕ್ಕೆ ಮಾಡಿದ ಅರ್ಥವೇ ಈ ವಿವಾದದ ಗತಿಯನ್ನು ಬಹುಮಟ್ಟಿಗೆ ನಿರ್ಣಯಿಸಿರುವುದರಿಂದ, ಶಬ್ದಾರ್ಥವನ್ನು ವಿಚಾರಿಸುವವರಿಗೂ ಇದು ಪರಿಶೀಲನಾರ್ಹವಾಗಿದೆ.

ಮೊದಲನೆಯ ಮಾತಿನ ಚರಿತ್ರೆಯು ಗ್ರಂಥಸಂಪಾದಕರಿಗೆ ರುಚಿಸತಕ್ಕುದು. 1868ರಲ್ಲಿ ರಾಜ್ಯಾಂಗಕ್ಕೆ ಸೇರಿದ ಹದಿನಾಲ್ಕನೆಯ ತಿದ್ದುಪಡಿಯು ಯಾವ ‘ವ್ಯಕ್ತಿ’ಗೂ ಕಾನೂನಿನ ಸಮಾನರಕ್ಷಣೆಯನ್ನು ತಪ್ಪಿಸಕೂಡದೆಂದು ವಿಧಿಸಿತು. ದಾಸ್ಯದಿಂದ ಬಿಡುಗಡೆ ಹೊಂದಿದ ಜನರ ಹಿತವೇ ಅದರ ಮುಖ್ಯೋದ್ದೇಶವಾಗಿದ್ದಿತು. 1886ರಲ್ಲಿ ಕ್ಯಾಲಿಫೋರ್ನಿಯದ ಸ್ಯಾಂಟ ಕ್ಲಾರ ಜಿಲ್ಲೆಗೂ ಸದರ್ನ್ ಪೆಸಿಫಿಕ್ ರೈಲ್ವೆ ಕಂಪೆನಿಗೂ ತೆರಿಗೆಯ ವಿಷಯದಲ್ಲಿ ನಡೆದ ವ್ಯಾಜ್ಯವು ಅತ್ಯುಚ್ಚ ನ್ಯಾಯಾಲಯಕ್ಕೆ ಬಂದಾಗ, ಆ ತಿದ್ದುಪಡಿಯು ಕಂಪೆನಿಗಳಿಗೂ ಅನ್ವಯಿಸುವುದೆಂದೇ ನ್ಯಾಯಾಧೀಶರೆಲ್ಲರ ಅಭಿಪ್ರಾಯವೆಂದು ಮುಖ್ಯ ನ್ಯಾಯಾಧೀಶ ವೇಟ್ ಬಾಯಿಮಾತಿನಲ್ಲಿ ಹೇಳಿದನು. ತೀರ್ಪಿನ ಪಾಠದಲ್ಲಿ ಈ ಮಾತಿಲ್ಲ. ತೀರ್ಪು ನಿಂತದ್ದು ಬೇರೊಂದು ಕಾರಣದ ಮೇಲೆ. ತೀರ್ಪುಗಳನ್ನು ಮುದ್ರಣಕ್ಕೆ ಸಿದ್ಧಪಡಿಸುತ್ತಿದ್ದ ಬ್ಯಾನ್‌ಕ್ರಾಫ್ಟ್ ಡೇವಿಸ್ ಈ ಬಗ್ಗೆ ಕೇಳಲು, ಸೇರಿಸುವುದನ್ನೂ ಬಿಡುವುದನ್ನೂ ವೇಟ್ ಆತನಿಗೇ ಬಿಟ್ಟನು. ಡೇವಿಸ್ ಅದನ್ನು ತೀರ್ಪಿನ ತಲೆಟಿಪ್ಪಣಿಯಲ್ಲಿ ಬರೆದನು. ಮುಂದಿನವರು ಟಿಪ್ಪಣಿಯನ್ನೇ ಮೂಲವೆಂದು ಉದ್ಧರಿಸಿದರು. ಪ್ರಕ್ಷಿಪ್ತವು ಮೂಲವಾಗುವ ಬಗೆ ನಮ್ಮ ಓಲೆಗರಿಗಳಲ್ಲಿ ಮಾತ್ರ ಇರುವುದಲ್ಲ. ಆದರೆ ಇಂದಿನ ತೀರ್ಪುಗಳೆಲ್ಲವೂ ಈ ಟಿಪ್ಪಣಿಯಿಂದಲೇ ಹುಟ್ಟಿದವೆಂಬ ಜನಪ್ರಿಯ ವಾದವು ಅತಿಶಯೋಕ್ತಿ. ಅವುಗಳಿಗೆ ಆಧಾರವಾದುದು ವಾಕ್‌ಸ್ವಾತಂತ್ರ್ಯ.

ಹಣದ ಮಾತಿಗೆ ಬಂದರೆ 1896ನೆಯ ಇಸವಿಯನ್ನು ಮೊದಲು ಹೇಳಬೇಕು. ಆ ವರ್ಷ ಅಧ್ಯಕ್ಷಪದವಿಗೆ ನಿಂತ ಮೆಕಿನ್ಲಿಯ ಪರವಾಗಿ ಮಾರ್ಕ್ ಹ್ಯಾನ ಎಂಬ ಉದ್ಯಮಿಯು ಬ್ಯಾಂಕುಗಳಿಂದ, ಅವುಗಳ ಬಂಡವಾಳದ ನೂರಕ್ಕೆ ಕಾಲರಂತೆ, ಕಂದಾಯ ಎತ್ತುವ ಹಾಗೆ ಹಣವೆತ್ತಿದನು. ಸ್ಟಾಂಡರ್ಡ್ ಆಯಿಲ್ ಕಂಪೆನಿಯೊಂದೇ 2,50,000 ಡಾಲರುಗಳನ್ನು ಕೊಟ್ಟಿತು. 1905ರಲ್ಲಿ ನ್ಯೂಯಾರ್ಕಿನ ಜೀವವಿಮಾ ಕಂಪೆನಿಗಳ ವ್ಯವಹಾರವನ್ನು ಶೋಧಿಸಿದ ಸಮಿತಿಯ ಮುಂದೆ, ವಿಮೆದಾರರ ಹಣವು ರಿಪಬ್ಲಿಕನ್ ಪಕ್ಷದ ಬೊಕ್ಕಸಕ್ಕೆ ಹೋಗಿದ್ದುದು ಹೊರಬಿದ್ದಿತು. ತಮ್ಮ ಕಾಲಾನಂತರ ಹೆಂಡಿರುಮಕ್ಕಳಿಗೆ ಆಸರೆಯಾಗಲೆಂದು ಜನರು ಕಟ್ಟಿದ ಹಣವು ಅವರನ್ನು ಕೇಳದೆಯೇ ಅವರೊಪ್ಪದ ಪಕ್ಷಕ್ಕೂ ಸಂದಿರಬಹುದೆಂಬುದು ಸಣ್ಣ ಅನ್ಯಾಯವಲ್ಲ. 1907ನೆಯ ಜನವರಿ 26ರಂದು ಜಾರಿಗೆ ಬಂದ ಟಿಲ್ಮನ್ ಕಾಯಿದೆಯು ರಾಷ್ಟ್ರೀಯ ಚುನಾವಣೆಗಳಿಗೆ ಕಂಪೆನಿಗಳು ವಂತಿಗೆ ಕೊಡುವುದನ್ನು ನಿಷೇಧಿಸಿತು. (ಚುನಾವಣೆಯ ಶುದ್ಧಿಗೆ ಹೆಸರಿತ್ತ ಈ ಟಿಲ್ಮನ್ನನೇ ದಕ್ಷಿಣ ಕ್ಯಾರೊಲಿನದಲ್ಲಿ ಕರಿಯರ ಮತಾಧಿಕಾರವನ್ನು ಕಿತ್ತುಕೊಂಡವರಲ್ಲಿ ಅಗ್ರಗಣ್ಯನು.) 1947ರ ಕಾಯಿದೆಯು ವಂತಿಗೆಯ ಜೊತೆಗೆ ಚುನಾವಣಾ ವೆಚ್ಚವನ್ನೂ ನಿಷೇಧಿಸಿ, ಕಾರ್ಮಿಕ ಸಂಘಗಳನ್ನೂ ಅದರಲ್ಲಿ ಸೇರಿಸಿತು.

ವಾಟರ್‌ಗೇಟ್ ಹಗರಣದ ತರುವಾಯ, 1974ರಲ್ಲಿ, ಸಕಲರ ಚುನಾವಣಾ ವೆಚ್ಚಕ್ಕೂ ಮಿತಿಗಳನ್ನು ಕಟ್ಟಲಾಯಿತು. 1976ರ ಬಕ್ಲಿ ಮೊಕದ್ದಮೆಯಲ್ಲಿ ನ್ಯಾಯಾಲಯವು, ಅಭ್ಯರ್ಥಿಗೆ ಕೊಡುವ ವಂತಿಗೆಗೆ ಮಿತಿ ಸಾಧುವೆಂದೂ, ವೆಚ್ಚಕ್ಕೆ ಮಿತಿಯು ವಾಕ್‌ಸ್ವಾತಂತ್ರ್ಯಕ್ಕೆ ವಿರುದ್ಧವೆಂದೂ ನಿರ್ಣಯಿಸಿತು. ಅಚ್ಚಿಗೂ ಸಭೆಗೂ ಪ್ರಸಾರಕ್ಕೂ ಹಣ ಬೇಕು. ಹಣವಿಲ್ಲದ ಮಾತು ಜನರ ಕಿವಿಯನ್ನು ಮುಟ್ಟದು. ಈ ತರ್ಕವನ್ನು ಸುಲಭವಾಗಿ ತಳ್ಳಿಹಾಕುವಂತಿಲ್ಲ. ಇನ್ನು ನಿರ್ಬಂಧಕ್ಕೆ ಉಳಿದ ಸಮರ್ಥನೆ ಭ್ರಷ್ಟತೆಯ ನಿವಾರಣೆಯೊಂದೇ. ಆದುದರಿಂದ ಭಾರವೆಲ್ಲ ಮೂರನೆಯ ಮಾತಿನ ಮೇಲೆ ಬಿದ್ದಿತು.

1990ರಲ್ಲಿ ಮಿಷಿಗನ್ ಸಂಸ್ಥಾನದ ಮೊಕದ್ದಮೆಯೊಂದರಲ್ಲಿ, ಕಂಪೆನಿಯ ರೂಪದಿಂದ ಕೂಡಿಬಂದ ಅಪಾರ ಸಂಪತ್ತು ಜನಾಭಿಪ್ರಾಯದ ಬೆಂಬಲಕ್ಕೆ ಸಂಬಂಧವಿಲ್ಲದೆಯೇ ಚುನಾವಣೆಯನ್ನು ವಿಕೃತಗೊಳಿಸುವುದೂ ಭ್ರಷ್ಟತೆಯೇ ಎಂದು ನ್ಯಾಯಾಲಯವು ಒಪ್ಪಿತು. 2010ನೆಯ ಜನವರಿ 21ರ ಸಿಟಿಜನ್ಸ್ ಯುನೈಟೆಡ್ ತೀರ್ಪು ಐವರ ಬಹುಮತದಿಂದ ಇದನ್ನು ರದ್ದುಪಡಿಸಿತು. ಕೆನೆಡಿ ಬರೆದ ಆ ತೀರ್ಪಿನಂತೆ ಭ್ರಷ್ಟತೆಯೆಂದರೆ ಕೊಟ್ಟುಕೊಳ್ಳುವ ಲಂಚ. ಹಣ ವ್ಯಯಿಸಿದವನಿಗೆ ಅಧಿಕಾರಸ್ಥರಲ್ಲಿ ಸಲುಗೆ ದೊರೆಯುವುದು ಭ್ರಷ್ಟತೆಯಲ್ಲ. ಭಿನ್ನಮತ ಬರೆದ ಸ್ಟೀವನ್ಸನು ಭ್ರಷ್ಟತೆಗೆ ತಾರತಮ್ಯಗಳುಂಟೆಂದು ವಾದಿಸಿದನು. ಭಾಷಾಚರಿತ್ರೆಯು ಸ್ಟೀವನ್ಸನ ಕಡೆಗಿದೆ: ರಾಜ್ಯಾಂಗವನ್ನು ರಚಿಸಿದವರ ಕಾಲದ ಇಂಗ್ಲಿಷಿನಲ್ಲಿ ಆ ಪದಕ್ಕೆ, ದೇಹವು ಕೊಳೆಯುವಂತೆ ರಾಜ್ಯವು ಒಳಗಿನಿಂದ ಕೆಡುವುದೆಂಬ ವ್ಯಾಪಕಾರ್ಥವೂ ಇದ್ದಿತು.

ಅಭ್ಯರ್ಥಿಗೆ ನೇರವಾಗಿ ವಂತಿಗೆ ಕೊಡುವುದು ಕಂಪೆನಿಗಳಿಗೆ ಈಗಲೂ ನಿಷಿದ್ಧವೇ. ಆದರೆ ಅಭ್ಯರ್ಥಿಯಿಂದ ಸ್ವತಂತ್ರವಾಗಿ ವೆಚ್ಚಮಾಡುವ ಸಮಿತಿಗಳಿಗೆ ಮಿತಿಯಿಲ್ಲದೆ ಕೊಡಬಹುದು. ದಾನಿಗಳ ಹೆಸರನ್ನು ಹೊರಗೆಡಹದ ಸಂಘಗಳ ಮೂಲಕವೂ ಹಣ ಹರಿಯುತ್ತದೆ. ಆ ಸಮಿತಿಗಳ ದೊಡ್ಡ ಮೊತ್ತಗಳು ಹೆಚ್ಚಾಗಿ ಕೆಲವೇ ಧನಿಕರ ಹೆಸರಿನಲ್ಲಿ ಬರುತ್ತವೆ. ಕಂಪೆನಿಗಳಿಗೆ ಪ್ರಿಯವಾದುದು ಶಾಸಕರ ಬಳಿ ತಮ್ಮ ಪರವಾಗಿ ಮಾತನಾಡುವ ವೃತ್ತಿನಿರತರನ್ನು ಇಡುವ ಮಾರ್ಗ. ನೋಂದಾಯಿತವಾದ ಇಂಥ ವೆಚ್ಚವೇ ವರ್ಷಕ್ಕೆ 300 ಕೋಟಿ ಡಾಲರುಗಳನ್ನು ಮೀರುತ್ತದೆ.

ಮೊಂಟಾನ ಸಂಸ್ಥಾನದ ಅನುಭವ ಇಲ್ಲಿ ಗಮನಾರ್ಹ. ಅಲ್ಲಿ 1899ರಲ್ಲಿ ತಾಮ್ರದ ಗಣಿಗಳ ಒಡೆಯನಾದ ಕ್ಲಾರ್ಕನು ಶಾಸಕರಿಗೆ ಲಂಚವಿತ್ತು ಸೆನೆಟ್ ಸ್ಥಾನವನ್ನು ಪಡೆದನೆಂಬ ಆರೋಪವು ವಿಚಾರಣೆಗೆ ಬಂದು, ಅವನು ರಾಜೀನಾಮೆ ಕೊಡಬೇಕಾಯಿತು. ಇಂತಹ ಪ್ರಸಂಗಗಳಿಂದ ಬೇಸತ್ತ ಮತದಾರರು 1912ರಲ್ಲಿ ಕಂಪೆನಿಗಳ ಚುನಾವಣಾ ವೆಚ್ಚವನ್ನು ತಾವೇ ಮತಹಾಕಿ ನಿಷೇಧಿಸಿದರು. 2011ರಲ್ಲಿ ಅಲ್ಲಿಯ ಶ್ರೇಷ್ಠ ನ್ಯಾಯಾಲಯವು ಈ ಚರಿತ್ರೆಯನ್ನೇ ಮುಂದಿಟ್ಟು ಕಾಯಿದೆಯನ್ನು ಎತ್ತಿಹಿಡಿಯಿತು. 2012ನೆಯ ಜೂನ್ 25ರಂದು ರಾಷ್ಟ್ರದ ಅತ್ಯುಚ್ಚ ನ್ಯಾಯಾಲಯವು, ವಕೀಲರ ವಾದವನ್ನು ಆಲಿಸದೆಯೇ, ಕೆಲವು ಸಾಲುಗಳ ತೀರ್ಪಿನಿಂದ ಅದನ್ನು ತಳ್ಳಿಹಾಕಿತು.