ದುಡಿಮೆಯ ಲೋಕ ನಾಲ್ಕನೇ ತರಗತಿಗೇ ತಿಳಿಯಲಿ

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂತೆಂದರೆ ಕರ್ನಾಟಕದ ಊರೂರುಗಳಲ್ಲಿ ‘ಮುಂದೇನು?’ ಎಂಬ ಮಾರ್ಗದರ್ಶನ ಸಭೆಗಳು ಶುರುವಾಗುತ್ತವೆ. ಪತ್ರಿಕೆಗಳು ಪುಟಗಟ್ಟಲೆ ಮಾಹಿತಿ ಕೊಡುತ್ತವೆ. ಪಿಯುಸಿಯಲ್ಲಿ ವಿಜ್ಞಾನವೋ ವಾಣಿಜ್ಯವೋ, ಡಿಪ್ಲೊಮಾ ಸೇರಿದರೆ ಏನು ಸಿಗುತ್ತದೆ, ಐಟಿಐಗೆ ಎಷ್ಟು ಬೆಲೆಯಿದೆ ಎಂದು ತಜ್ಞರು ವಿವರಿಸುತ್ತಾರೆ. ಇದೆಲ್ಲ ಬೇಕಾದದ್ದೇ. ಆದರೆ ಹದಿನಾರರ ಹೊಸ್ತಿಲಲ್ಲಿ ನಿಂತ ಆ ಹುಡುಗ ಹುಡುಗಿಯರು ಖಾಲಿ ಮನಸ್ಸಿನಿಂದ ಸಭೆಗೆ ಬಂದಿರುವುದಿಲ್ಲ. ಯಾವ ಕೆಲಸ ಗಂಡಸಿನದು, ಯಾವುದು ಹೆಂಗಸಿನದು, ಯಾವುದು ದೊಡ್ಡವರ ಮನೆಯ ಮಕ್ಕಳಿಗೆ, ಯಾವುದು ‘ನಮ್ಮಂಥವರಿಗೆ’ ಎಂಬ ತೀರ್ಮಾನಗಳು ಅವರೊಳಗೆ ಎಂದೋ ಆಗಿಹೋಗಿರುತ್ತವೆ. ನಮ್ಮ ಮಾರ್ಗದರ್ಶನ ಉಳಿದ ಎರಡು ಮೂರು ಆಯ್ಕೆಗಳ ನಡುವೆ ಮಾತ್ರ ನಡೆಯುತ್ತದೆ. ಮಕ್ಕಳಿಗೆ ದುಡಿಮೆಯ ಲೋಕವನ್ನು ಪ್ರಾಥಮಿಕ ಶಾಲೆಯಲ್ಲೇ ಪರಿಚಯಿಸಬೇಕು ಎಂಬ ವಾದಕ್ಕೆ ಇದೇ ಬುನಾದಿ. ಎಂಟು ವರ್ಷದ ಮಗುವಿನಿಂದ ಉದ್ಯೋಗ ಆಯ್ಕೆ ಮಾಡಿಸುವುದು ಇದರ ಉದ್ದೇಶವಲ್ಲ. ಮಗು ಅಷ್ಟು ಬೇಗ ಯಾವುದನ್ನೂ ಕೈಬಿಡದಂತೆ ನೋಡಿಕೊಳ್ಳುವುದು ಇದರ ಉದ್ದೇಶ.

ಅಮೆರಿಕದ ಸಮಾಜಶಾಸ್ತ್ರಜ್ಞೆ ಲಿಂಡಾ ಗಾಟ್‌ಫ್ರೆಡ್ಸನ್ 1981ರಲ್ಲಿ ಮಂಡಿಸಿದ ಸಿದ್ಧಾಂತವೊಂದು ಈ ಕೈಬಿಡುವ ಕ್ರಿಯೆಯನ್ನು ಹಂತಹಂತವಾಗಿ ಗುರುತಿಸುತ್ತದೆ. ಅವರ ಪ್ರಕಾರ ಮೂರರಿಂದ ಐದು ವರ್ಷದ ಮಗುವಿಗೆ ಕೆಲಸವೆಂದರೆ ದೊಡ್ಡವರು ಮಾಡುವಂಥದ್ದು, ಅಷ್ಟೇ. ಆರರಿಂದ ಎಂಟರ ವಯಸ್ಸಿನಲ್ಲಿ ಅದು ಕೆಲಸಗಳನ್ನು ಗಂಡು ಹೆಣ್ಣು ಎಂದು ವಿಂಗಡಿಸತೊಡಗುತ್ತದೆ, ತನ್ನ ಲಿಂಗಕ್ಕೆ ‘ಸರಿಹೊಂದದ’ ಕೆಲಸಗಳನ್ನು ಪಕ್ಕಕ್ಕಿಡುತ್ತದೆ. ಒಂಬತ್ತರಿಂದ ಹದಿಮೂರರ ನಡುವೆ ಅಂತಸ್ತಿನ ಲೆಕ್ಕ ಬರುತ್ತದೆ. ತೀರಾ ಕೀಳೆನಿಸಿದ್ದನ್ನೂ ತನ್ನ ಮನೆತನಕ್ಕೆ ಎಟುಕದ್ದೆನಿಸಿದ್ದನ್ನೂ ಆಗ ಬಿಡುತ್ತದೆ. ತನ್ನ ಆಸಕ್ತಿ ಏನು, ಸಾಮರ್ಥ್ಯ ಏನು ಎಂಬ ಯೋಚನೆ ಬರುವುದು ಹದಿನಾಲ್ಕರ ನಂತರ. ಅಂದರೆ ಅತಿ ಮುಖ್ಯವಾದ ಪ್ರಶ್ನೆ ಕೊನೆಗೆ ಬರುತ್ತದೆ. ಅದು ಬರುವ ಹೊತ್ತಿಗೆ ಉತ್ತರಗಳ ಪಟ್ಟಿ ಮೊಟಕಾಗಿರುತ್ತದೆ. ಈ ವಯಸ್ಸಿನ ಗೆರೆಗಳು ಎಲ್ಲ ಸಮಾಜಗಳಲ್ಲೂ ಕರಾರುವಾಕ್ಕಾಗಿ ಹೀಗೇ ಇರಬೇಕೆಂದಿಲ್ಲ. ಆದರೆ ಜಾತಿ, ವರ್ಗ, ಲಿಂಗ ಮೂರೂ ಕೆಲಸಕ್ಕೆ ಅಂಟಿಕೊಂಡಿರುವ ನಮ್ಮ ಸಮಾಜದಲ್ಲಿ ಅಂತಸ್ತಿನ ಪಾಠ ಒಂಬತ್ತರ ತನಕ ಕಾಯುತ್ತದೆಂದು ನಂಬುವುದು ಕಷ್ಟ.

ಪುರಾವೆಗಳು ಸಿದ್ಧಾಂತಕ್ಕಷ್ಟೇ ನಿಂತಿಲ್ಲ. ಡೇವಿಡ್ ಚೇಂಬರ್ಸ್ ಎಂಬ ಸಂಶೋಧಕ ಮಕ್ಕಳಿಗೆ ‘ವಿಜ್ಞಾನಿಯ ಚಿತ್ರ ಬರೆಯಿರಿ’ ಎಂದು ಹೇಳಿಸಿ, ಶಿಶುವಿಹಾರದಿಂದ ಐದನೇ ತರಗತಿವರೆಗಿನ 4,807 ಮಕ್ಕಳ ಚಿತ್ರಗಳನ್ನು ಪರಿಶೀಲಿಸಿ 1983ರಲ್ಲಿ ಫಲಿತಾಂಶ ಪ್ರಕಟಿಸಿದರು. ಅಷ್ಟೂ ಚಿತ್ರಗಳಲ್ಲಿ ಮಹಿಳಾ ವಿಜ್ಞಾನಿಯಿದ್ದದ್ದು 28ರಲ್ಲಿ ಮಾತ್ರ. ಆ 28ನ್ನೂ ಬರೆದವರು ಹುಡುಗಿಯರೇ. ಇನ್ನೂ ಮುಖ್ಯವಾದ ಸಂಗತಿಯೆಂದರೆ, ಬಿಳಿ ಕೋಟು, ಕನ್ನಡಕ, ಗಡ್ಡ ಮುಂತಾದ ಸಿದ್ಧ ಗುರುತುಗಳು ಚಿಕ್ಕ ತರಗತಿಯ ಮಕ್ಕಳ ಚಿತ್ರಗಳಲ್ಲಿ ಕಡಿಮೆಯಿದ್ದವು, ತರಗತಿ ಮೇಲೇರಿದಂತೆ ಹೆಚ್ಚಿದವು. ಪ್ರಾಥಮಿಕ ಶಾಲೆಯ ವರ್ಷಗಳಲ್ಲೇ ಆ ಚಿತ್ರ ಗಟ್ಟಿಯಾಗುತ್ತದೆ ಎಂದಾಯಿತು. 2017ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಅಮೆರಿಕದ ಅಧ್ಯಯನವೊಂದು ಇನ್ನೂ ಕಳವಳಕಾರಿ. ‘ತುಂಬಾ ಬುದ್ಧಿವಂತರು ಯಾರು?’ ಎಂಬ ಪ್ರಶ್ನೆಗೆ ಐದು ವರ್ಷದ ಹುಡುಗಿಯರು ಹುಡುಗರಷ್ಟೇ ಸಲೀಸಾಗಿ ತಮ್ಮವರನ್ನೇ ತೋರಿಸುತ್ತಿದ್ದರು. ಆರು, ಏಳು ವರ್ಷದ ಹುಡುಗಿಯರಲ್ಲಿ ಆ ವಿಶ್ವಾಸ ಕುಗ್ಗಿತ್ತು. ‘ಬಹಳ ಜಾಣರಿಗಾಗಿ’ ಎಂದು ಹೇಳಿದ ಆಟಗಳಲ್ಲಿ ಅವರ ಆಸಕ್ತಿಯೂ ಇಳಿದಿತ್ತು. ಒಂದನೇ ತರಗತಿಯ ವಯಸ್ಸು ಅದು.

ಹಾಗಾದರೆ ಮಕ್ಕಳು ಕೆಲಸಗಳ ಬಗ್ಗೆ ತಿಳಿಯುವುದು ಯಾರಿಂದ? ಬ್ರಿಟನ್ನಿನ ಸಂಸ್ಥೆಯೊಂದು ತನ್ನ ದೇಶ ಮತ್ತು ಇತರ ಹಲವು ದೇಶಗಳ ಏಳರಿಂದ ಹನ್ನೊಂದು ವರ್ಷದ 20,000ಕ್ಕೂ ಹೆಚ್ಚು ಮಕ್ಕಳಿಂದ ತಾವು ಆಗಬಯಸುವುದರ ಚಿತ್ರ ಬರೆಸಿ 2018ರಲ್ಲಿ ವರದಿ ಪ್ರಕಟಿಸಿತು. ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಮಕ್ಕಳ ಕನಸು ಮನೆಯವರಿಂದ ಅಥವಾ ಪರಿಚಿತರಿಂದ ಬಂದಿತ್ತು. ಉಳಿದವರಲ್ಲಿ ಬಹಳ ಮಂದಿಗೆ ಟಿವಿ, ಸಿನಿಮಾಗಳೇ ಗುರು. ಶಾಲೆಗೆ ಬಂದು ತಮ್ಮ ಕೆಲಸದ ಬಗ್ಗೆ ಮಾತನಾಡಿದವರಿಂದ ತಿಳಿದೆ ಎಂದ ಮಕ್ಕಳು ಶೇ 1ಕ್ಕಿಂತ ಕಡಿಮೆ. ಮನೆಯ ಪರಿಚಯವೇ ಮಗುವಿನ ಲೋಕದ ಅಳತೆಯಾದರೆ ವೈದ್ಯರ ಮಗಳಿಗೆ ನಷ್ಟವಿಲ್ಲ. ಕಬ್ಬು ಕಡಿಯುವ ಕೂಲಿಯ ಮಗಳಿಗೆ ಅದರಿಂದ ಆಗುವ ನಷ್ಟ ದೊಡ್ಡದು. ಈ ಅಂತರವನ್ನು ತುಂಬಬಲ್ಲ ಸಾರ್ವಜನಿಕ ಸಂಸ್ಥೆ ಶಾಲೆಯೊಂದೇ.

ಕಣ್ಣಾರೆ ಕಂಡದ್ದು ಆಸೆಯನ್ನು ಬದಲಿಸುತ್ತದೆಯೇ ಎಂಬುದಕ್ಕೆ ನಮ್ಮ ದೇಶದಲ್ಲೇ ಗಟ್ಟಿಯಾದ ಸಾಕ್ಷ್ಯವಿದೆ. ಪಶ್ಚಿಮ ಬಂಗಾಳದ ಗ್ರಾಮ ಪಂಚಾಯಿತಿಗಳಲ್ಲಿ ಪ್ರಧಾನರ ಹುದ್ದೆಯ ಮೂರನೇ ಒಂದು ಭಾಗ ಮಹಿಳೆಯರಿಗೆ ಮೀಸಲಾಗಿ, ಯಾವ ಪಂಚಾಯಿತಿಗೆ ಮೀಸಲು ಬರುತ್ತದೆ ಎಂಬುದು ಚೀಟಿ ಎತ್ತಿದಂತೆ ನಿರ್ಧಾರವಾಗುತ್ತಿತ್ತು. ಹಾಗಾಗಿ ಹಳ್ಳಿಗಳ ನಡುವೆ ನ್ಯಾಯವಾದ ಹೋಲಿಕೆ ಸಾಧ್ಯವಾಯಿತು. ಅರ್ಥಶಾಸ್ತ್ರಜ್ಞರಾದ ಲೋರಿ ಬೀಮನ್, ಎಸ್ತರ್ ಡುಫ್ಲೊ, ರೋಹಿಣಿ ಪಾಂಡೆ ಮತ್ತು ಪೆಟಿಯಾ ಟೊಪಲೋವಾ 495 ಹಳ್ಳಿಗಳಲ್ಲಿ ಹನ್ನೊಂದರಿಂದ ಹದಿನೈದು ವರ್ಷದ ಮಕ್ಕಳನ್ನೂ ಅವರ ತಂದೆ ತಾಯಿಯನ್ನೂ ಮಾತನಾಡಿಸಿದರು. ಎರಡು ಅವಧಿ ಮಹಿಳೆಯೇ ಪ್ರಧಾನರಾಗಿದ್ದ ಹಳ್ಳಿಗಳಲ್ಲಿ, ಹೆಣ್ಣು ಗಂಡು ಮಕ್ಕಳ ಭವಿಷ್ಯದ ಬಗೆಗಿನ ಆಸೆಗಳ ನಡುವಣ ಅಂತರ ತಂದೆ ತಾಯಿಯರಲ್ಲಿ ಶೇ 20ರಷ್ಟು, ಮಕ್ಕಳಲ್ಲಿ ಶೇ 32ರಷ್ಟು ತಗ್ಗಿತ್ತು ಎಂದು 2012ರಲ್ಲಿ ಅವರು ವರದಿ ಮಾಡಿದರು. ಓದಿನಲ್ಲಿ ಹುಡುಗಿಯರು ಹಿಂದುಳಿಯುವುದು ಅಲ್ಲಿ ಇಲ್ಲವಾಗಿತ್ತು, ಮನೆಗೆಲಸದಲ್ಲಿ ಅವರು ಕಳೆಯುವ ಸಮಯವೂ ಇಳಿದಿತ್ತು. ಆ ಹಳ್ಳಿಗಳಲ್ಲಿ ಯುವತಿಯರಿಗೆ ಹೊಸ ಉದ್ಯೋಗಗಳೇನೂ ಹುಟ್ಟಿರಲಿಲ್ಲ ಎಂಬುದನ್ನು ಗಮನಿಸಬೇಕು. ಆ ಕುರ್ಚಿಯಲ್ಲಿ ಹೆಣ್ಣೊಬ್ಬಳು ಕೂತದ್ದನ್ನು ವರ್ಷಗಟ್ಟಲೆ ನೋಡಿದ್ದೇ ಅಷ್ಟು ಕೆಲಸ ಮಾಡಿತ್ತು. ನಮ್ಮಲ್ಲೂ ಇಂಥ ಉದಾಹರಣೆಗಳಿವೆ. ಕರ್ನಾಟಕದ ಮೊದಲ ಮಹಿಳಾ ಎಂಜಿನಿಯರ್ ಎಂದು ಹೆಸರಾದ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರಾಧ್ಯಾಪಕಿಯಾಗಿದ್ದ ರಾಜೇಶ್ವರಿ ಚಟರ್ಜಿ ಮೊದಲು ಓದಿದ್ದು ತಮ್ಮ ಅಜ್ಜಿ ಕಮಲಮ್ಮ ದಾಸಪ್ಪನವರು ಕಟ್ಟಿದ ಶಾಲೆಯಲ್ಲಿ. ಆ ಅಜ್ಜಿ ಹಳೆಯ ಮೈಸೂರು ರಾಜ್ಯದ ಮೊದಮೊದಲ ಮಹಿಳಾ ಪದವೀಧರರಲ್ಲಿ ಒಬ್ಬರು. ಅಂಥ ಅಜ್ಜಿ ಎಲ್ಲರಿಗೂ ಇರುವುದಿಲ್ಲ. ಇಲ್ಲದವರಿಗೆ ಆ ಪರಿಚಯ ದೊರಕಿಸಿಕೊಡುವ ಹೊಣೆ ಶಾಲೆಯದು.

ಇದನ್ನು ಹೇಗೆ ಮಾಡಬೇಕು? ನಮ್ಮ ಚಿಕ್ಕ ತರಗತಿಯ ಪಾಠಗಳಲ್ಲಿ ಕುಂಬಾರ, ನೇಕಾರ, ಅಂಚೆಯಣ್ಣ, ಪೊಲೀಸರ ಚಿತ್ರಗಳು ಮೊದಲಿನಿಂದಲೂ ಇವೆ. ಆದರೆ ಚಿತ್ರದ ಕೆಳಗಿನ ಹೆಸರು ಹೇಳಿಸುವುದು ಪರಿಚಯವಲ್ಲ. ಒಂದು ಕೆಲಸದ ಒಳಗೆ ಏನೇನಿದೆ ಎಂದು ಮಗು ಕೇಳುವಂತಾಗಬೇಕು: ಬೆಳಿಗ್ಗೆ ಎಷ್ಟು ಹೊತ್ತಿಗೆ ಶುರು, ಏನು ಕಲಿತಿರಬೇಕು, ಯಾವ ಲೆಕ್ಕ ಮಾಡಬೇಕು, ಯಾವುದು ಕಷ್ಟ, ಯಾವುದರಲ್ಲಿ ಖುಷಿ, ತಪ್ಪಾದರೆ ಏನಾಗುತ್ತದೆ. ಊರಿನ ಹಾಲಿನ ಡೇರಿಯನ್ನೇ ತೆಗೆದುಕೊಳ್ಳಿ. ಕರ್ನಾಟಕದ ಸಾವಿರಾರು ಹಳ್ಳಿಗಳಲ್ಲಿ ಹಾಲು ಉತ್ಪಾದಕರ ಸಹಕಾರ ಸಂಘವಿದೆ. ನಾಲ್ಕನೇ ತರಗತಿಯ ಮಕ್ಕಳು ಅಲ್ಲಿ ಒಂದು ಬೆಳಿಗ್ಗೆ ನಿಂತರೆ, ಹಾಲಿನ ಫ್ಯಾಟ್ ಅಳೆಯುವ ಯಂತ್ರವನ್ನೂ ಅದನ್ನು ನಡೆಸುವವರನ್ನೂ ನೋಡುತ್ತಾರೆ. ಲೀಟರು, ಫ್ಯಾಟು, ದರ ಮೂರೂ ಸೇರಿ ಒಬ್ಬ ರೈತ ಮಹಿಳೆಯ ಹಣವಾಗುವುದು ಅವರ ಗಣಿತದ ಪಾಠಕ್ಕೇ ಸಂಬಂಧಿಸಿದ್ದು. ಸಂಘದ ಕಾರ್ಯದರ್ಶಿ ಲೆಕ್ಕ ಇಡುತ್ತಾರೆ, ಪಶುವೈದ್ಯರು ಬಂದು ಹೋಗುತ್ತಾರೆ, ಟ್ಯಾಂಕರಿನ ಚಾಲಕ ಹೊತ್ತಿಗೆ ಸರಿಯಾಗಿ ಹಾಲನ್ನು ಶೀತಲೀಕರಣ ಕೇಂದ್ರಕ್ಕೆ ಮುಟ್ಟಿಸಬೇಕು. ಅಲ್ಲಿಂದಾಚೆ ಪ್ರಯೋಗಾಲಯದಲ್ಲಿ ಹಾಲು ಪರೀಕ್ಷಿಸುವವರು, ಯಂತ್ರ ರಿಪೇರಿ ಮಾಡುವವರು, ಪ್ಯಾಕೆಟ್ಟಿನ ವಿನ್ಯಾಸ ಮಾಡುವವರು, ಮಾರುಕಟ್ಟೆ ನೋಡಿಕೊಳ್ಳುವವರು ಇದ್ದಾರೆ. 2013ರಲ್ಲಿ ಶುರುವಾದ ಕ್ಷೀರಭಾಗ್ಯ ಯೋಜನೆಯಿಂದಾಗಿ ಶಾಲೆಯಲ್ಲಿ ತಾವು ಕುಡಿಯುವ ಲೋಟದ ಹಾಲಿನ ಹಿಂದೆ ಇಷ್ಟು ಜನರ ಓದು ಮತ್ತು ಕೈಚಳಕವಿದೆ ಎಂದು ಆ ಮಕ್ಕಳಿಗೆ ಗೊತ್ತಾಗುತ್ತದೆ. ಒಂದೇ ಭೇಟಿಯಲ್ಲಿ ಹತ್ತು ಹದಿನೈದು ಕೆಲಸಗಳು ಕಂಡವು, ಅವು ಒಂದಕ್ಕೊಂದು ಹೇಗೆ ಆತುಕೊಂಡಿವೆ ಎಂಬುದೂ ಕಂಡಿತು. ‘ದೊಡ್ಡವನಾದ ಮೇಲೆ ಏನಾಗುತ್ತೀಯ?’ ಎಂದು ಕೇಳಿ ‘ಡಾಕ್ಟರ್’ ಎಂಬ ಉತ್ತರಕ್ಕೆ ಬೆನ್ನು ತಟ್ಟುವ ನಮ್ಮ ರೂಢಿಗಿಂತ ಇದು ಎಷ್ಟೋ ಮೇಲು.

2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲಿ ಈ ದಿಕ್ಕಿನ ಒಂದು ಹೆಜ್ಜೆಯಿದೆ. ಆರರಿಂದ ಎಂಟನೇ ತರಗತಿಯ ಅವಧಿಯಲ್ಲಿ ಹತ್ತು ದಿನ ಬ್ಯಾಗಿಲ್ಲದೆ ಬಡಗಿ, ತೋಟಗಾರ, ಕುಂಬಾರ, ಕಲಾವಿದರಂಥವರ ಬಳಿ ಮಕ್ಕಳು ಕಲಿಯಲಿ ಎಂದು ಅದು ಹೇಳುತ್ತದೆ. ಹತ್ತು ದಿನ ಕಡಿಮೆಯಾಯಿತು ಎನ್ನುವುದು ಒಂದು ದೂರು. ನನ್ನ ದೂರು ಬೇರೆ. ಆರನೇ ತರಗತಿ ಎಂದರೆ ಹನ್ನೊಂದರ ವಯಸ್ಸು. ಗಂಡು ಹೆಣ್ಣಿನ ವಿಂಗಡಣೆ ಮುಗಿದು ಅಂತಸ್ತಿನ ವಿಂಗಡಣೆ ಅರ್ಧ ಆಗಿರುವ ಕಾಲ ಅದು. ಜೊತೆಗೆ ಆ ಪಟ್ಟಿಯಲ್ಲಿ ಕೈಕಸುಬುಗಳಿಗೇ ಒತ್ತು ಹೆಚ್ಚು. ಪ್ರಯೋಗಾಲಯ, ನ್ಯಾಯಾಲಯ, ಪತ್ರಿಕಾ ಕಚೇರಿಗಳೂ ಅದರೊಳಗೆ ಬರಬೇಕು.

ಇನ್ನು ಆಕ್ಷೇಪಗಳಿಗೆ ಬರೋಣ. ಆಡಿ ನಲಿಯುವ ವಯಸ್ಸಿನಲ್ಲಿ ಉದ್ಯೋಗದ ಚಿಂತೆ ಹಚ್ಚುವುದು ಕ್ರೌರ್ಯವಲ್ಲವೇ ಎಂದು ಹಲವರು ಕೇಳುತ್ತಾರೆ. ಮೂರನೇ ತರಗತಿಯಿಂದಲೇ ಪ್ರವೇಶ ಪರೀಕ್ಷೆಗಳಿಗೆ ‘ಫೌಂಡೇಶನ್’ ತರಬೇತಿ ಎಂದು ಹಣ ಕೀಳುವವರ ವಿರುದ್ಧ ಈ ಆಕ್ಷೇಪ ನೂರಕ್ಕೆ ನೂರು ಸರಿ. ಆದರೆ ಪೋಷಕರು ಅಲ್ಲಿಗೆ ಓಡುವುದಕ್ಕೆ ಒಂದು ಕಾರಣ, ಗೌರವದಿಂದ ಬದುಕುವ ದಾರಿ ಎರಡೋ ಮೂರೋ ಎಂದು ಅವರೂ ಮಕ್ಕಳೂ ನಂಬಿರುವುದು. ಹಲವು ಬಗೆಯ ಕೆಲಸಗಳನ್ನು ಕಂಡ ಮಗುವಿನ ಮೇಲೆ ಒಂದೇ ಗುರಿಯ ಒತ್ತಡ ಹೇರುವುದು ಕಷ್ಟ. ಅಭಿರುಚಿ ಪರೀಕ್ಷೆ ಮಾಡಿ ‘ನಿಮ್ಮ ಮಗ ಎಂಜಿನಿಯರ್ ಆಗುತ್ತಾನೆ’ ಎಂದು ಚೀಟಿ ಕೊಡುವ ಯಾವ ವ್ಯವಹಾರವೂ ಪ್ರಾಥಮಿಕ ಶಾಲೆಯ ಗೇಟು ದಾಟಬಾರದು. ಅಂಕ, ಆಯ್ಕೆ, ಸ್ಪರ್ಧೆ ಯಾವುದೂ ಇದರಲ್ಲಿರಬಾರದು.

ಇದಕ್ಕಿಂತ ಗಂಭೀರವಾದ ಆಕ್ಷೇಪ ಕುಲಕಸುಬಿನದು. 1953ರಲ್ಲಿ ಮದರಾಸು ರಾಜ್ಯದ ಮುಖ್ಯಮಂತ್ರಿ ಸಿ. ರಾಜಗೋಪಾಲಾಚಾರಿ, ಹಳ್ಳಿಯ ಪ್ರಾಥಮಿಕ ಶಾಲೆಯ ಮಕ್ಕಳು ಅರ್ಧ ದಿನ ಶಾಲೆಯಲ್ಲಿ ಓದಿ ಉಳಿದ ಹೊತ್ತು ತಂದೆ ತಾಯಿಯ ಕಸುಬು ಕಲಿಯಲಿ ಎಂಬ ಯೋಜನೆ ತಂದರು. ಇಂದಿನ ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳು ಆಗ ಅದೇ ರಾಜ್ಯದಲ್ಲಿದ್ದವು. ಅಗಸರ ಮಗ ಅಗಸನಾಗಿಯೇ ಉಳಿಯಲು ಸರ್ಕಾರವೇ ಶಾಲೆ ನಡೆಸುವುದೇ ಎಂದು ಪೆರಿಯಾರ್ ಮತ್ತು ದ್ರಾವಿಡ ಚಳವಳಿಯವರು ಸಿಡಿದೆದ್ದರು. ರಾಜಾಜಿ 1954ರಲ್ಲಿ ಹುದ್ದೆ ಬಿಟ್ಟರು, ಅವರ ನಂತರ ಬಂದ ಕಾಮರಾಜ್ ಯೋಜನೆಯನ್ನು ಕೈಬಿಟ್ಟರು. ಅಂದು ವಿರೋಧಿಸಿದವರೇ ಸರಿ. ಇಂದೂ ಬಡವರ ಮಕ್ಕಳಿಗೆ ಮರಗೆಲಸ, ಉಳ್ಳವರ ಮಕ್ಕಳಿಗೆ ಕೋಡಿಂಗ್ ಎಂದಾದರೆ ಅದೇ ಅನ್ಯಾಯ ಹೊಸ ಹೆಸರಿನಲ್ಲಿ ಮರಳಿ ಬರುತ್ತದೆ. ಅದಕ್ಕೇ ನನ್ನ ಮಟ್ಟಿಗೆ ಒಂದು ನಿಯಮ ಕಡ್ಡಾಯವಾಗಬೇಕು: ಮಗು ತನ್ನ ಮನೆಯಲ್ಲಿ, ಕೇರಿಯಲ್ಲಿ ಕಾಣಸಿಗದ ಕೆಲಸವನ್ನು ಶಾಲೆಯಲ್ಲಿ ಕಾಣಬೇಕು. ಹಳ್ಳಿಯ ಮಕ್ಕಳು ತಾಲ್ಲೂಕು ಆಸ್ಪತ್ರೆಯ ಲ್ಯಾಬ್, ನ್ಯಾಯಾಲಯ, ಬ್ಯಾಂಕು ನೋಡಲಿ. ನಗರದ ಇಂಗ್ಲಿಷ್ ಶಾಲೆಯ ಮಕ್ಕಳು ಇಳಕಲ್ಲಿನ ಮಗ್ಗ, ಚನ್ನಪಟ್ಟಣದ ಅರಗಿನ ಬಣ್ಣದ ಕೆಲಸ, ಭತ್ತದ ಗದ್ದೆ, ನೀರು ಶುದ್ಧೀಕರಣ ಘಟಕ ನೋಡಲಿ. ‘ನಿಮ್ಮ ಅಪ್ಪನ ಕೆಲಸದ ಬಗ್ಗೆ ಬರೆದುಕೊಂಡು ಬನ್ನಿ’ ಎಂಬ ಮನೆಪಾಠವನ್ನು ಶಿಕ್ಷಕರು ದಯವಿಟ್ಟು ನಿಲ್ಲಿಸಬೇಕು. ಮೇಲ್ನೋಟಕ್ಕೆ ಅದು ನಿರಪಾಯಕಾರಿ, ಆದರೆ ಇಡೀ ತರಗತಿಯ ಎದುರು ಮಗುವಿನ ಜಾತಿಯನ್ನೋ ಬಡತನವನ್ನೋ ಬಿಚ್ಚಿಡುವ ಶಕ್ತಿ ಅದಕ್ಕಿದೆ. ಬಾಲಕಾರ್ಮಿಕತೆಯ ಭಯಕ್ಕೂ ಉತ್ತರ ಸ್ಪಷ್ಟವಿರಬೇಕು. 2016ರ ತಿದ್ದುಪಡಿಯ ನಂತರ ಕಾನೂನು ಹದಿನಾಲ್ಕು ವರ್ಷದೊಳಗಿನವರ ದುಡಿಮೆಯನ್ನು ನಿಷೇಧಿಸಿದರೂ, ಶಾಲೆಯ ಅವಧಿ ಮುಗಿದ ಮೇಲೆ ಕುಟುಂಬದ ಕಸುಬಿಗೆ ನೆರವಾಗಲು ಬಿಟ್ಟಿದೆ. ಶಾಲೆಯ ಕಾರ್ಯಕ್ರಮ ಆ ಸಡಿಲಿಕೆಗೆ ನೆಪವಾಗಬಾರದು. ಮಗು ನೋಡಲಿ, ಕೇಳಲಿ, ಮುಟ್ಟಿ ತಿಳಿಯಲಿ. ಅದರ ಕೈಯಿಂದ ಯಾರಿಗೂ ಉತ್ಪಾದನೆ ಆಗಬೇಕಾಗಿಲ್ಲ.

ಇಂದಿನ ಕೆಲಸಗಳು ಮುಂದೆ ಇರುತ್ತವೋ ಇಲ್ಲವೋ, ಈಗ ಪರಿಚಯಿಸಿ ಏನು ಪ್ರಯೋಜನ ಎನ್ನುವವರೂ ಇದ್ದಾರೆ. 2020ರಲ್ಲಿ ಆರ್ಥಿಕ ಸಹಕಾರ ಮತ್ತು ಅಭಿವೃದ್ಧಿ ಸಂಘಟನೆ (ಒಇಸಿಡಿ) ಪ್ರಕಟಿಸಿದ ವರದಿ ಇದಕ್ಕೆ ಪರೋಕ್ಷವಾಗಿ ಉತ್ತರಿಸುತ್ತದೆ. ಅದು ಹೋಲಿಸಿ ನೋಡಿದ 41 ದೇಶಗಳಲ್ಲಿ ಹದಿನೈದು ವರ್ಷದ ಹುಡುಗರಲ್ಲಿ ಶೇ 47, ಹುಡುಗಿಯರಲ್ಲಿ ಶೇ 53ರಷ್ಟು ಮಂದಿ ಕೇವಲ ಹತ್ತು ಜನಪ್ರಿಯ ಉದ್ಯೋಗಗಳಲ್ಲಿ ಒಂದನ್ನು ನಿರೀಕ್ಷಿಸುತ್ತಿದ್ದರು. 2000ದಿಂದ 2018ರ ನಡುವೆ ಕೆಲಸಗಳ ಲೋಕ ಅಷ್ಟು ಬದಲಾದರೂ ಮಕ್ಕಳ ಪಟ್ಟಿ ಇನ್ನಷ್ಟು ಕಿರಿದಾಗಿತ್ತು. ಬದಲಾವಣೆ ಬಂದಾಗ ಮೊದಲು ಪೆಟ್ಟು ತಿನ್ನುವವರು ಒಂದೇ ಹೆಸರು ಹಿಡಿದು ಕೂತವರು. ಕೆಲಸ ಎಂಬುದರೊಳಗೆ ಅಳತೆ, ಎಚ್ಚರ, ಜನರೊಡನೆ ಮಾತು, ತಪ್ಪು ತಿದ್ದಿಕೊಳ್ಳುವ ಗುಣ ಇರುತ್ತವೆ ಎಂದು ಹತ್ತು ಕಡೆ ಕಂಡ ಮಗು ಹನ್ನೊಂದನೆಯದನ್ನೂ ಕುತೂಹಲದಿಂದ ನೋಡುತ್ತದೆ. ಹಾಗೆಂದು ಪರಿಚಯವೊಂದೇ ಬಡತನವನ್ನು ನೀಗುತ್ತದೆಂದು ನಾನು ಹೇಳುವುದಿಲ್ಲ. ವಿದ್ಯಾರ್ಥಿವೇತನ, ಹಾಸ್ಟೆಲು, ಬಸ್ಸು ಇಲ್ಲದಿದ್ದರೆ ಕಂಡ ಕನಸು ಹಾಗೇ ಉಳಿಯುತ್ತದೆ. ಆದರೆ ಕಾಣದೇ ಇದ್ದದ್ದನ್ನು ಯಾವ ವಿದ್ಯಾರ್ಥಿವೇತನವೂ ಬಯಸುವಂತೆ ಮಾಡಲಾರದು.

ಉಳಿದದ್ದು ಶಿಕ್ಷಕರ ಹೊರೆ. ಒಬ್ಬರೇ ಶಿಕ್ಷಕರು ನಾಲ್ಕು ತರಗತಿ ನಡೆಸುವ ಶಾಲೆಗೆ ಇನ್ನೊಂದು ವಿಷಯ, ಇನ್ನೊಂದು ದಾಖಲೆ ಪುಸ್ತಕ ಹೊರಿಸುವುದು ಅನ್ಯಾಯ. ಇದಕ್ಕೆ ಹೊಸ ಪಠ್ಯಪುಸ್ತಕ ಬೇಕಿಲ್ಲ. ನಮ್ಮ ಶಾಲೆಗಳಲ್ಲಿ ತಿಂಗಳಿಗೊಮ್ಮೆ ಬ್ಯಾಗ್ ರಹಿತ ‘ಸಂಭ್ರಮ ಶನಿವಾರ’ದ ಕಲ್ಪನೆ ಈಗಾಗಲೇ ಇದೆ. ಆ ಶನಿವಾರಗಳಲ್ಲಿ ಒಬ್ಬ ಅತಿಥಿ ಅಥವಾ ಒಂದು ಭೇಟಿ ಸಾಕು, ಅತಿಥಿಯನ್ನು ಹುಡುಕುವ ಕೆಲಸ ಶಿಕ್ಷಕರದ್ದಾಗಬೇಕಿಲ್ಲ. ನೀವು ನಿಮ್ಮೂರ ಶಾಲೆಯ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಸದಸ್ಯರಾಗಿದ್ದರೆ ಮುಂದಿನ ಸಭೆಯಲ್ಲಿ ಈ ವಿಷಯ ಎತ್ತಿ. ಲೈನ್‌ಮನ್, ಆಶಾ ಕಾರ್ಯಕರ್ತೆ, ಬಸ್ ಓಡಿಸುವ ಮಹಿಳೆ, ಭೂಮಾಪಕರು, ಲ್ಯಾಬ್ ತಂತ್ರಜ್ಞೆ, ಊರಿನಿಂದ ಹೊರಗೆ ಹೋಗಿ ಬೇರೇನೋ ಕೆಲಸ ಕಲಿತವರು ಯಾರ್ಯಾರಿದ್ದಾರೆ ಎಂದು ಪಟ್ಟಿ ಮಾಡಿ. ನೀವೇ ಒಂದು ಕೆಲಸ ಬಲ್ಲವರಾಗಿದ್ದರೆ ಹತ್ತಿರದ ಸರ್ಕಾರಿ ಪ್ರಾಥಮಿಕ ಶಾಲೆಯ ಮುಖ್ಯ ಶಿಕ್ಷಕರನ್ನು ಕಂಡು, ಒಂದು ಗಂಟೆ ಮಕ್ಕಳ ಪ್ರಶ್ನೆಗಳಿಗೆ ಉತ್ತರ ಹೇಳಲು ಸಮಯ ಕೇಳಿ. ಬರುವಾಗ ನಿಮ್ಮ ಕೆಲಸದ ಸಲಕರಣೆಗಳನ್ನು ತನ್ನಿ, ಭಾಷಣ ಬೇಡ.