ಇಂಗ್ಲಿಷ್ ಪಾಠದ ಅಲಂಕಾರಗಳು: ತಾಯಂದಿರಲ್ಲಿ ಒಂದು ಬಿನ್ನಹ

ಕಳೆದ ಪರೀಕ್ಷೆಯ ಹೊತ್ತಿಗೆ ನೆರೆಮನೆಯ ತಾಯಿಯೊಬ್ಬರು ಏಳನೆಯ ತರಗತಿಯ ಮಗಳನ್ನು ಕರೆದುಕೊಂಡು ನಮ್ಮಲ್ಲಿಗೆ ಬಂದರು. ಸಿಮಿಲಿ, ಮೆಟಫರ್, ಅಲಿಟರೇಶನ್, ಪರ್ಸಾನಿಫಿಕೇಶನ್ ಎಂಬ ಪದಗಳ ಲಕ್ಷಣಗಳನ್ನು ಬಾಲಕಿಯು ಒಂದಕ್ಷರವೂ ತಪ್ಪದೆ ಒಪ್ಪಿಸಿದಳು. ಪದ್ಯದ ಸಾಲನ್ನು ಮುಂದಿಟ್ಟು ಇದಾವುದೆಂದು ಕೇಳಿದರೆ ಮಾತ್ರ ಮೌನ. "ನಾ ಕನ್ನಡ ಸಾಲ್ಯಾಗ ಏಳನೆತ್ತಾ ಕಲಿತಾಕಿರಿ, ಶಾಸ್ತ್ರಿಗಳ. ಇದನ್ನ ನಾ ಹ್ಯಾಂಗ ಹೇಳಿಕೊಡ್ಲಿ?" ಎಂದು ತಾಯಿ ಕಣ್ಣು ತುಂಬಿಕೊಂಡರು.

ಅವರಿಗೆ ಹೇಳಿದುದನ್ನೇ ಇಲ್ಲಿ ಬರೆಯುತ್ತಿದ್ದೇವೆ. ಹೆಸರು ಇಂಗ್ಲಿಷಿನದಾದರೂ ವಸ್ತು ಮನೆಯದೇ. ಒಂಬತ್ತನೆಯ ಶತಮಾನದ 'ಕವಿರಾಜಮಾರ್ಗ'ದ ಮೂರು ಪರಿಚ್ಛೇದಗಳಲ್ಲಿ ಎರಡು ಶಬ್ದಾಲಂಕಾರ, ಅರ್ಥಾಲಂಕಾರಗಳಿಗೇ ಮೀಸಲು.

ಸಿಮಿಲಿ ಎಂದರೆ ಉಪಮೆ. "ಹೊಲದ ನಡುವಿನ ಬೇವಿನ ಮರದಂತೆ ಅಜ್ಜ ಒಂಟಿಯಾಗಿ ನಿಂತಿದ್ದ" ಎಂಬಲ್ಲಿ ಅಜ್ಜ ಉಪಮೇಯ, ಮರ ಉಪಮಾನ, 'ಅಂತೆ' ವಾಚಕಪದ, ಒಂಟಿತನವು ಸಮಾನಧರ್ಮ. ಇಂಗ್ಲಿಷಿನಲ್ಲಿ 'ಅಂತೆ'ಯ ಸ್ಥಾನವನ್ನು 'ಲೈಕ್', 'ಆ್ಯಸ್' ಎಂಬವು ವಹಿಸುತ್ತವೆ. ವರ್ಡ್ಸ್‌ವರ್ತ್ ಕವಿಯು 1807ರಲ್ಲಿ ಪ್ರಕಟಿಸಿದ ಡ್ಯಾಫೊಡಿಲ್ ಹೂಗಳ ಕವಿತೆಯಲ್ಲಿ ಒಬ್ಬಂಟಿಯಾಗಿ ಅಲೆಯುವ ತನ್ನನ್ನು ಮೋಡಕ್ಕೆ ಹೋಲಿಸಿದುದು ಇದೇ ಬಗೆ. ಆದರೆ 'ಲೈಕ್' ಕಂಡಲ್ಲೆಲ್ಲ ಸಿಮಿಲಿ ಎಂದು ಬರೆಯುವ ಮಕ್ಕಳಿದ್ದಾರೆ. "ಐ ಲೈಕ್ ಮ್ಯಾಂಗೋಸ್" ಎಂಬುದರಲ್ಲಿ ಹೋಲಿಕೆಯೇ ಇಲ್ಲ. ಅಲ್ಲಿರುವುದು ಮಾವಿನ ಮೇಲಿನ ಆಸೆ! ಹೋಲಿಕೆ ಇದ್ದಮಾತ್ರಕ್ಕೂ ಅಲಂಕಾರವಾಗದು. ಕಾಡಿನ ಗವಯಮೃಗವು ಹಸುವಿನಂತಿದೆ ಎಂಬುದು ಬರಿಯ ಗುರುತು, ಅದರಲ್ಲಿ ಚಮತ್ಕಾರವಿಲ್ಲ ಎಂದು ನಮ್ಮ ಪ್ರಾಚೀನರು ಹೇಳಿದ್ದಾರೆ. ಮಠದ ಪಾಠಶಾಲೆಯಲ್ಲಿ ಈ ಮಾತನ್ನು ನಾವೂ ಕಂಠಪಾಠ ಮಾಡಿದ್ದೆವು. ಅದು ಅರ್ಥವಾದುದು ಎಷ್ಟೋ ವರ್ಷಗಳ ಮೇಲೆ.

'ಅಂತೆ'ಯನ್ನು ತೆಗೆದು "ಅಜ್ಜನೇ ನಮ್ಮ ಮನೆಯ ಬೇವಿನ ಮರ" ಎಂದರೆ ಅದು ರೂಪಕ, ಅರ್ಥಾತ್ ಮೆಟಫರ್. ಗ್ರೀಕ್ ಮೂಲದ ಈ ಪದಕ್ಕೆ ಅತ್ತಿಂದಿತ್ತ ಒಯ್ಯುವುದು ಎಂದರ್ಥ.

ಅಲಿಟರೇಶನ್ ಅನುಪ್ರಾಸಕ್ಕೆ ಸಮೀಪವಾದುದು. ಹತ್ತಿರದ ಪದಗಳ ಆದಿಯಲ್ಲಿ ಒಂದೇ ವ್ಯಂಜನಧ್ವನಿ ಮರಳುವುದು. ನಮ್ಮ ಮಕ್ಕಳು ಎಡವುವುದು ಇಲ್ಲಿಯೇ. ಕನ್ನಡದಲ್ಲಿ ಬರೆದಂತೆ ಓದುತ್ತೇವೆ, ಇಂಗ್ಲಿಷಿನಲ್ಲಿ ಹಾಗಲ್ಲ. 'ಸಿಟಿ', 'ಕ್ಯಾಟ್' ಎರಡಕ್ಕೂ ಮೊದಲಕ್ಷರ ಒಂದೇ, ಧ್ವನಿ ಬೇರೆ. ಆದುದರಿಂದ ಅಲಿಟರೇಶನ್ ಇಲ್ಲ. 'ಫೋನ್', 'ಫಿಶ್' ಬರೆಯುವ ಅಕ್ಷರ ಬೇರೆ, ಧ್ವನಿ ಒಂದೇ, ಅಲ್ಲಿ ಉಂಟು. ಕಣ್ಣು ಮುಚ್ಚಿ ಕಿವಿಯಿಂದ ಓದಿರಿ ಎಂದು ಬಾಲಕಿಗೆ ಹೇಳಿದೆವು. ರೈಮ್ ಎಂಬುದು ಅಂತ್ಯಪ್ರಾಸ. ನಮ್ಮ ಹಳೆಯ ಕಾವ್ಯಗಳಲ್ಲಿ ಪ್ರಾಸವು ಪಾದದ ಎರಡನೆಯ ಅಕ್ಷರದಲ್ಲಿರುತ್ತಿತ್ತು. ಅದನ್ನು ಗೋವಿಂದ ಪೈಗಳು 1911ರಲ್ಲಿ ಬಿಟ್ಟುಕೊಟ್ಟರು. ಒನೊಮಟೊಪಿಯ ಎಂಬ ಹೆಸರಿಗೆ ಅಂಜಬೇಕಾಗಿಲ್ಲ. ಚಟಪಟ, ಧೊಪ್ಪನೆ, ಗಲಗಲ ಎಂಬ ನಮ್ಮ ಅನುಕರಣ ಪದಗಳೇ ಅವು.

ಉಳಿದುದು ಪರ್ಸಾನಿಫಿಕೇಶನ್. ಜಡವಸ್ತುವಿಗೆ ಮನುಷ್ಯನ ನಡೆಯನ್ನು ಆರೋಪಿಸುವುದು ಎಂದು ನಾವು ವಿವರಿಸುತ್ತಿರುವಾಗಲೇ ಆ ತಾಯಿ, "ಒಲ್ಯಾಗಿನ ಬೆಂಕಿ ನಗಾಕ ಹತ್ತೇತಿ, ಯಾರೋ ಬೀಗರು ಬರ್ತಾರ ಅಂತೀವಲ್ಲರಿ, ಅದೇನು?" ಎಂದರು. ಅದೇ ತಾಯಿ, ಅದೇ ಎಂದೆವು. ಮಗಳು ತಾಯಿಯ ಮುಖವನ್ನೇ ಒಂದು ಗಳಿಗೆ ನೋಡಿದಳು. ಬಳಿಕ ನೋಟುಬುಕ್ಕು ತೆರೆದು, 'ಲಾಫ್' ಎಂದು ಬರೆಯಲು ಕೊನೆಯಲ್ಲಿ ಯಾವ ಅಕ್ಷರಗಳು ಬರುತ್ತವೆಂದು ನಮ್ಮನ್ನು ಕೇಳಿದಳು.