ಹಳಿಯ ಕಾವು, ಮೈಯ ಕಾವು

ಧಾರವಾಡದ ಕಡೆಯಿಂದ ಗೋವೆಗೆ ಹೊರಟ ರೈಲುಗಾಡಿಯು ಜೋಯಿಡಾ ತಾಲೂಕಿನ ಕ್ಯಾಸಲ್‌ರಾಕ್ ನಿಲ್ದಾಣವನ್ನು ದಾಟಿತೆಂದರೆ ಘಟ್ಟದ ಇಳಿಜಾರು ಮೊದಲಾಗುತ್ತದೆ. 37 ಅಡಿಗೆ ಒಂದು ಅಡಿಯಂತೆ ಇಳಿಯುವ ಈ ಮಾರ್ಗವು 1888ರಲ್ಲಿ ಸಂಚಾರಕ್ಕೆ ತೆರೆಯಿತು. 1961ರವರೆಗೆ ಪೋರ್ತುಗೀಜರ ಗೋವೆಯ ಗಡಿಯೂ ಇಲ್ಲಿಯೇ ಇದ್ದಿತು. ಆ ಗಡಿ ಅಳಿಯಿತು; ಆದರೆ ಪ್ರಕೃತಿಯು ಹಾಕಿದ ಗಡಿಯೊಂದು ಇಂದಿಗೂ ಉಂಟು. ಮೂಡಣ ಬಯಲುಸೀಮೆಯ ಒಣ ಸೆಕೆಯೂ ಪಡುವಣ ಕರಾವಳಿಯ ಹಸಿ ಸೆಕೆಯೂ ಈ ಘಟ್ಟದ ಆಚೀಚೆ ನಿಂತಿವೆ. ಇವೆರಡನ್ನೂ ಪಾದರಸದ ಒಂದೇ ಅಂಕಿಯಿಂದ ಅಳೆಯುವ ನಮ್ಮ ರೂಢಿಯು ಎಷ್ಟು ಅಪಾಯಕರವೆಂಬುದನ್ನು ವಾಚಕರೂ ಅಧಿಕಾರಿವರ್ಗದವರೂ ಅರಿಯುವುದು ಅವಶ್ಯ.

ಮನುಷ್ಯದೇಹದ ಒಳಗಿನ ಕಾವು ಸುಮಾರು 37 ಡಿಗ್ರಿ ಸೆಂಟಿಗ್ರೇಡ್. ದುಡಿಯುವ ಸ್ನಾಯುಗಳು ಹುಟ್ಟಿಸುವ ಬಿಸಿಯನ್ನು ರಕ್ತವು ಚರ್ಮಕ್ಕೆ ತರುತ್ತದೆ; ಚರ್ಮವು ಅದನ್ನು ಗಾಳಿಗೆ ಒಪ್ಪಿಸುತ್ತದೆ. ಗಾಳಿಯೇ ಮೈಗಿಂತ ಬಿಸಿಯಾದಾಗ ಉಳಿಯುವ ಉಪಾಯ ಬೆವರೊಂದೇ. ಒಂದು ಲೀಟರು ಬೆವರು ಆರಿದರೆ ಸುಮಾರು 580 ಕಿಲೊಕ್ಯಾಲೊರಿ ಶಾಖವು ದೇಹದಿಂದ ತೊಲಗುತ್ತದೆ. ಆದರೆ ಬೆವರು ಆರಬೇಕು. ತೊಟ್ಟಿಕ್ಕಿ ನೆಲಕ್ಕೆ ಬಿದ್ದ ಬೆವರಿನಿಂದ ಮೈಯ ನೀರು ಉಪ್ಪುಗಳು ನಷ್ಟವಾದುವೇ ಹೊರತು ತಂಪು ದೊರೆಯಲಿಲ್ಲ. ನೀರಿನಂಶ ತುಂಬಿದ ಗಾಳಿಯಲ್ಲಿ ಆಗುವುದು ಇದೇ.

ಒದ್ದೆ ಬಟ್ಟೆ ಸುತ್ತಿದ ಉಷ್ಣಮಾಪಕವು ಈ ಗುಟ್ಟನ್ನು ಹೊರಗೆಡಹುತ್ತದೆ. ಬಯಲುಸೀಮೆಯಲ್ಲಿ 42 ಡಿಗ್ರಿ ಬಿಸಿಯಿದ್ದು ಗಾಳಿಯ ತೇವವು ನೂರಕ್ಕೆ 20 ಇದ್ದರೆ ಅದು ಸುಮಾರು 24 ತೋರಿಸುತ್ತದೆ. ಘಟ್ಟದ ಬುಡದಲ್ಲಿ ಬಿಸಿಯು 33 ಡಿಗ್ರಿಯೇ ಇದ್ದು ತೇವವು 80 ಆದರೆ ಅದೇ ಮಾಪಕವು 30ಕ್ಕೇರುತ್ತದೆ. ಈ ಅಂಕಿಯು 35 ಮುಟ್ಟಿದರೆ ನೆರಳಿನಲ್ಲಿ ಸುಮ್ಮನೆ ಕುಳಿತ ಆರೋಗ್ಯವಂತನೂ ಹೆಚ್ಚು ಹೊತ್ತು ಬದುಕಲಾರನೆಂದು 2010ರಲ್ಲಿ ವಿಜ್ಞಾನಿಗಳು ಲೆಕ್ಕ ಹಾಕಿದ್ದರು. 2022ರಲ್ಲಿ ಅಮೇರಿಕದ ಪೆನ್ಸಿಲ್ವೇನಿಯ ಸ್ಟೇಟ್ ವಿಶ್ವವಿದ್ಯಾಲಯದವರು ತರುಣರ ಮೇಲೆ ಪ್ರಯೋಗ ನಡೆಸಿ, ಹಸಿ ಸೆಕೆಯಲ್ಲಿ ಸುಮಾರು 31ಕ್ಕೇ ದೇಹವು ತನ್ನ ಕಾವಿನ ಮೇಲಣ ಹಿಡಿತವನ್ನು ಕಳೆದುಕೊಳ್ಳತೊಡಗುವುದೆಂದು ಕಂಡರು. ಅವರು ಮಾಡುತ್ತಿದ್ದುದು ಹಗುರವಾದ ಕೆಲಸ ಮಾತ್ರ. ಜಲ್ಲಿ ಹೊರುವುದಲ್ಲ, ಹಳಿ ಎತ್ತುವುದಲ್ಲ.

ಹವಾಮಾನ ಇಲಾಖೆಯು ಕರಾವಳಿಯಲ್ಲಿ ಉಷ್ಣ ಅಲೆಯ ಮಾತೆತ್ತಬೇಕಾದರೆ ಬಿಸಿಯು 37 ಡಿಗ್ರಿಯನ್ನಾದರೂ ಮುಟ್ಟಬೇಕು. ಹೀಗಾಗಿ 33 ಡಿಗ್ರಿಯ ಹಸಿ ಸೆಕೆಯಲ್ಲಿ ಗುದ್ದಲಿ ಹಿಡಿದವನ ಸಂಕಟವು ಉಷ್ಣ ಅಲೆಯ ಪ್ರಕಟಣೆಯಲ್ಲಿ ಕಾಣಿಸಿಕೊಳ್ಳದು.

ಬೇಸಗೆಯಲ್ಲಿ ಉದ್ದಕ್ಕೆ ಬೆಸೆದ ಹಳಿಗಳು ಹಿಗ್ಗಿ ಡೊಂಕಾಗುವ ಭಯವಿರುವುದರಿಂದ, ಹಳಿಯ ಕಾವು ಗೊತ್ತಾದ ಮಿತಿಯನ್ನು ಮೀರಿದೊಡನೆ ಕಾವಲು ನಡೆಯತಕ್ಕದ್ದೆಂದು ರೈಲ್ವೆಯಲ್ಲಿ ನಿಯಮವುಂಟು. ಬಹು ಯೋಗ್ಯವಾದ ನಿಯಮ. ಆದರೆ ಹಳಿಯನ್ನು ಕಾಯಲು ಆ ಸುಡುವ ಹೊತ್ತಿನಲ್ಲಿಯೇ ನಡೆಯುವವನ ಮೈಯ ಕಾವನ್ನು ನೋಡುವವರಾರು? 2025ರ ಏಪ್ರಿಲ್, ಮೇ ತಿಂಗಳುಗಳಲ್ಲಿ ಕಲಬುರಗಿ ವಿಭಾಗದ ಜಿಲ್ಲೆಗಳಲ್ಲಿಯೂ ವಿಜಯಪುರ, ಬಾಗಲಕೋಟೆಗಳಲ್ಲಿಯೂ ಸರಕಾರಿ ಕಚೇರಿಗಳು ಬೆಳಿಗ್ಗೆ 8ರಿಂದ ಮಧ್ಯಾಹ್ನ 1-30ರವರೆಗೆ ನಡೆದುವು. ಪಂಖದ ಕೆಳಗಿನ ಗುಮಾಸ್ತನಿಗೆ ಸಲ್ಲುವ ಈ ನ್ಯಾಯವು ಬಯಲಲ್ಲಿ ದುಡಿಯುವವನಿಗೂ ಸಲ್ಲಬೇಡವೇ?

ಅಭ್ಯಾಸಬಲದಿಂದ ಎಲ್ಲವೂ ಸರಿಹೋಗುವುದೆಂದು ಕೆಲವರು ಹೇಳುವರು. ಅದು ಅರ್ಧ ಸತ್ಯ. ಒಂದೆರಡು ವಾರ ಸೆಕೆಯಲ್ಲಿ ದುಡಿದವನಿಗೆ ಬೆವರು ಬೇಗನೆ ಮೂಡುತ್ತದೆ, ಅದರಲ್ಲಿ ಉಪ್ಪಿನಂಶ ಕಡಿಮೆಯಾಗುತ್ತದೆ, ರಕ್ತದ ದ್ರವವು ಹೆಚ್ಚುತ್ತದೆ. ಆದುದರಿಂದಲೇ ಹೊಸಬನಿಗೆ ಮೊದಲ ದಿನವೇ ಪೂರ್ಣ ಕೆಲಸ ಹೊರಿಸುವುದು ಘಾತಕ. ಆರದ ಬೆವರಿಗಾದರೋ ಯಾವ ಅಭ್ಯಾಸವೂ ಮದ್ದಲ್ಲ.

ದುಡಿಯುವವನು ತಡವರಿಸಿ ಮಾತಾಡಿದರೆ, ದಿಕ್ಕುತಪ್ಪಿದವನಂತೆ ನಡೆದರೆ, ಅವನ ಒಳಗಾವು 40 ಡಿಗ್ರಿ ಮೀರಿರಬಹುದು. ಮೈ ಬೆವರಿದ್ದರೂ ಅಪಾಯವಿಲ್ಲವೆಂದು ತಿಳಿಯಬಾರದು. ಕೂಡಲೇ ನೆರಳಿಗೊಯ್ದು, ಮೈಮೇಲೆ ತಣ್ಣೀರು ಸುರಿದು, ಗಾಳಿ ಬೀಸುತ್ತ ಆಸ್ಪತ್ರೆಗೆ ಸಾಗಿಸಬೇಕು. ಎಚ್ಚರವಿಲ್ಲದವನ ಬಾಯಿಗೆ ನೀರು ಹೊಯ್ಯಕೂಡದು.

ನಾವು ಕೇಳುವುದು ದೊಡ್ಡ ವೆಚ್ಚದ ಸಂಗತಿಗಳನ್ನಲ್ಲ. ಪ್ರತಿಯೊಂದು ಕೆಲಸದ ಠಾಣೆಯಲ್ಲಿ ಒದ್ದೆ ಬಟ್ಟೆಯ ಮಾಪಕವೊಂದಿರಲಿ. ಅದರ ಅಂಕಿಯಂತೆ ದುಡಿಮೆಯ ವೇಳೆಯೂ ವಿಶ್ರಾಂತಿಯೂ ಗೊತ್ತಾಗಲಿ. ನೆರಳು, ನೀರು, ಉಪ್ಪು ಬೆರೆಸಿದ ಮಜ್ಜಿಗೆ ಇಲ್ಲವೆ ಮುರುಗಲ ಪಾನಕ ದೊರೆಯಲಿ. ಗುತ್ತಿಗೆಯ ಕೂಲಿಗಾರನೂ ಈ ಲೆಕ್ಕದಲ್ಲಿ ಸೇರಲಿ. ಉಕ್ಕಿನ ಹಳಿಗೂ ತಾಳಿಕೆಯ ಮಿತಿಯುಂಟೆಂದು ಒಪ್ಪಿದ ನಾಡು, ರಕ್ತಮಾಂಸದ ದೇಹಕ್ಕೂ ಮಿತಿಯುಂಟೆಂದು ಕಾಯದೆಯಲ್ಲಿ ಬರೆಯುವುದು ಕಷ್ಟವಾಗಲಾರದು.